ಕಡೆಯ ಬಾಗಿಲಲ್ಲಿ ನರಸಿಂಹರಾಯರು

ಅಂಬುಬಾಯಿಗೆ ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವಳು ನೆಟ್ಟಗೆ ಮುಖ ನೋಡಿ, “ಶಿಫ್ಟ್ ಇತ್ತರಿ” ಎನ್ನುತ್ತಿದ್ದಳು. ಕೇಳಿದವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಮಾತು ಸುಳ್ಳೂ ಅಲ್ಲ. ಇಪ್ಪತ್ತೊಂದನೇ ವಯಸ್ಸಿಗೆ ರಾಯಚೂರಿನಿಂದ ಹೈದರಾಬಾದಿಗೆ, ಅಣ್ಣ ನರಸಿಂಹರಾಯರ ಮನೆಗೆ ಬಂದವಳು ಮೂರೇ ತಿಂಗಳಲ್ಲಿ ಕುಷಾಯಿಗೂಡದ ಹತ್ತಿರದ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸೇರಿದಳು. ಅಲ್ಲಿಂದ ಇಪ್ಪತ್ತೆಂಟು ವರ್ಷ ಒಂದೇ ಸ್ಟೂಲು, ಒಂದೇ ಭೂತಗನ್ನಡಿ, ಕೈಯಲ್ಲಿ ಬೆಸುಗೆ ಹಾಕುವ ಐರನ್. ಹಸಿರು ಹಲಗೆಯ ತೂತುಗಳಲ್ಲಿ ಸಣ್ಣಸಣ್ಣ ಬಿಡಿಭಾಗಗಳ ಕಾಲು ತೂರಿಸಿ, ಸಾಸಿವೆ ಕಾಳಿನಷ್ಟು ಸೀಸ ಕರಗಿಸಿ ಕೂಡಿಸುವುದು ಅವಳ ಕೆಲಸ.

ಓದಿದ್ದು ಏಳನೇ ಇಯತ್ತೆ. ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ಮೇಜಿನ ಮೇಲೆ ಹಾಸಿದ ನಕ್ಷೆಯನ್ನು ಅವಳಷ್ಟು ಬೇಗ ಓದುವವರು ಆ ಸಾಲಿನಲ್ಲಿ ಇರಲಿಲ್ಲ. ಆಕಾರ ನೋಡಿ ಹಿಡಿಯುತ್ತಿದ್ದಳು, ಅಷ್ಟೆ. ಇದು ಕುರ್ಚಿ, ಇದು ಬಾಚಣಿಗೆ, ಇದು ಮೂಗುತಿ. ಮೂಗುತಿಯ ಪಕ್ಕ ಬಾಚಣಿಗೆ ಬಂದರೆ ಕೆಂಪು ಪಟ್ಟೆಯದ್ದನ್ನು ಕೂಡಿಸಬೇಕು. ಹೊಸದಾಗಿ ಬಂದ ಡಿಪ್ಲೊಮಾ ಹುಡುಗಿಯರು ಇದನ್ನು ಕೇಳಿ ನಗುತ್ತಿದ್ದರು, ಆರು ತಿಂಗಳಾದ ಮೇಲೆ ತಾವೂ ಮೂಗುತಿ ಬಾಚಣಿಗೆ ಎನ್ನುತ್ತಿದ್ದರು.

ಅವಳಿಗೆ ಇದ್ದ ಕೊರತೆ ಒಂದೇ. ತಾನು ಮಾಡಿದ ಹಲಗೆಗಳು ಟ್ರೇಯಲ್ಲಿ ಕೂತು ಮುಂದಿನ ಕೋಣೆಗೆ ಹೋಗುತ್ತಿದ್ದವು. ಅಲ್ಲಿಂದ ಎಲ್ಲಿಗೆ, ಯಾವ ಯಂತ್ರದೊಳಗೆ, ಕೊನೆಗೆ ಅದು ಏನು ಮಾಡಿತು, ಒಂದೂ ಗೊತ್ತಾಗುತ್ತಿರಲಿಲ್ಲ. ಸರ್ಕಾರದ ಗುಟ್ಟಿನ ಕೆಲಸ, ಕೇಳುವಂತಿಲ್ಲ. ಇಪ್ಪತ್ತೆಂಟು ವರ್ಷ ಪ್ರತಿಯೊಂದು ಕಥೆಯ ನಡುವಿನ ಒಂದು ಪುಟವನ್ನಷ್ಟೇ ಓದಿದ ಹಾಗಾಗಿತ್ತು ಅವಳ ಬಾಳು. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದ ದಿನ ಅವಳು ಅತ್ತದ್ದು ಕೆಲಸ ಹೋಯಿತೆಂದಲ್ಲ, ಕೊನೆ ನೋಡಲಿಲ್ಲವಲ್ಲ ಎಂದು.

ಮನೆಯಲ್ಲಿ ಕೈ ಸುಮ್ಮನಿರಬೇಕಲ್ಲ. ಓಣಿಯ ಮಿಕ್ಸರ್, ರೇಡಿಯೊ, ಇಸ್ತ್ರಿಪೆಟ್ಟಿಗೆಗಳೆಲ್ಲ ಅವಳ ಬಳಿ ಬಂದು ಗುಣವಾಗಿ ಹೋದವು. ಇನ್ನು ಕೆಡಲು ಏನೂ ಉಳಿಯದೆ ಅವಳು ಒದ್ದಾಡುತ್ತಿದ್ದಾಗ ಅಣ್ಣನ ಮಗಳು ವನಜಾ ಒಂದು ಭಾನುವಾರ ಆ ಡಬ್ಬಿಯನ್ನು ತಂದಳು. ವನಜಾ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಳು. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಕೊಳ್ಳಲು ಹೋದವಳು, ಪುಸ್ತಕಗಳ ರಾಶಿಯ ನಡುವೆ ಬೂದು ಬಣ್ಣದ ಜಪಾನಿ ವಿಡಿಯೊ ಗೇಮ್ ಡಬ್ಬಿ ಕಂಡು, ಪುಸ್ತಕ ಬಿಟ್ಟು ಅದನ್ನೇ ಎತ್ತಿಕೊಂಡು ಬಂದಿದ್ದಳು. ಜೊತೆಗೆ ಒಂದೇ ಒಂದು ಕ್ಯಾಸೆಟ್. ಅಂಗೈಯಗಲದ ಕ್ಯಾಸೆಟ್ಟಿನ ಮೇಲೆ ಕತ್ತಿ ಹಿಡಿದ ಒಬ್ಬ ವೀರ.

“ಇದು ಹೊಡೆದಾಟದ ಆಟ ಅಲ್ಲ ಅತ್ಯಾ,” ಎಂದಳು ವನಜಾ. “ಕಥೀ ಆಟ. ನಾಲ್ಕು ಮಂದಿ ಊರೂರು ತಿರಗತಾರ, ದೊಡ್ಡವರಾಗತಾರ, ಕಡೀಕೆ ದೊಡ್ಡ ರಾಕ್ಷಸನ್ನ ಕೊಲ್ಲತಾರ. ತಿಂಗಳಾನುಗಟ್ಟಲೆ ಆಡಬೇಕು. ಆದ್ರ ಎಲ್ಲಾ ಜಪಾನಿ ಭಾಷಾದಾಗ ಅದ. ನಮಗ ತಿಳಿಯಂಗಿಲ್ಲ.”

ಅಂಬುಬಾಯಿ ಕೇಳಿಸಿಕೊಂಡದ್ದು ಒಂದೇ ಮಾತು. ಕಡೀಕೆ. “ಅಂದ್ರ ಇದಕ್ಕ ಕಡೀ ಅನ್ನೂದು ಅದ?” ಎಂದು ಕೇಳಿದಳು. ಇದೆ ಎಂದಾಗ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತಳು.

ಜಪಾನಿನ ಕರೆಂಟು ನಮ್ಮದರ ಅರ್ಧಕ್ಕೂ ಕಡಿಮೆ. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರನ್ನು ಒಂದೇ ದಿನದಲ್ಲಿ ತಾನೇ ಸುತ್ತಿದಳು. ಮನೆಯ ಟಿವಿ ಮಸ್ಕತ್ತಿನಿಂದ ತರಿಸಿದ್ದು, ಯಾವ ದೇಶದ ಚಿತ್ರ ಕೊಟ್ಟರೂ ಬಣ್ಣ ತೋರಿಸುತ್ತಿತ್ತು. ಮೂರನೇ ದಿನ ಮಧ್ಯಾಹ್ನ ಊಟವಾದ ಮೇಲೆ ಪರದೆಯ ಮೇಲೆ ವೀರ ಬಂದು ನಿಂತ, ಅವನ ತಲೆಯ ಮೇಲೆ ಜೇಡರಬಲೆಯಂಥ ಅಕ್ಷರಗಳು ಬಿಚ್ಚಿಕೊಂಡವು. ವನಜಾ ತಲೆಗೆ ಕೈಹೊತ್ತಳು. ಅಂಬುಬಾಯಿಯ ಕಣ್ಣುಗಳು ಮಿನುಗಿದವು. ಒಂದು ನೂರು ಪುಟದ ನೋಟುಪುಸ್ತಕ ತೆಗೆದು, ಒಂದೊಂದನ್ನೇ ಒತ್ತಿ ಏನಾಗುತ್ತದೆಂದು ನೋಡಿ ಬರೆಯುತ್ತ ಹೋದಳು: ‘ಮುರಿದ ಕುರ್ಚಿ, ಮೇಲೆರಡು ಚುಕ್ಕೆ: ಔಷಧ. ಓಡುವ ಕೋಳಿ: ತಪ್ಪಿಸಿಕೊಳ್ಳುವುದು. ತಲೆಕೆಳಗಾದ ಕೊಡೆ: ಒತ್ತಬಾರದು, ಎಲ್ಲ ಸಾಯುತ್ತಾರೆ.’

ವೀರನಿಗೆ ಹೆಸರಿಡಬೇಕೆಂದು ಆಟ ಕೇಳಿತು. ನಾಲ್ಕು ಅಕ್ಷರಕ್ಕೆ ಜಾಗ. ಅಂಬುಬಾಯಿ ಚೆಂದ ಕಂಡ ನಾಲ್ಕನ್ನು ಆರಿಸಿ ಒತ್ತಿದಳು. ಜಪಾನಿನವರು ಅದನ್ನು ಏನೆಂದು ಓದುವರೋ ದೇವರಿಗೇ ಗೊತ್ತು. “ಇದು ನರಸಿಂಹ,” ಎಂದು ಅವಳು ಸಾರಿದಳು. ತನ್ನನ್ನು ಊರಿನಿಂದ ಕರೆತಂದು, ಕೆಲಸಕ್ಕೆ ಸೇರಿಸಿ, ಇಷ್ಟು ವರ್ಷ ಸಾಕಿದ ಅಣ್ಣನ ಹೆಸರನ್ನಲ್ಲದೆ ಬೇರೆ ಯಾರದನ್ನು ಇಟ್ಟಾಳು?

ಎಡವಟ್ಟಾದದ್ದೇ ಅಲ್ಲಿ. ವೈನಿ ಯಮುನಾಬಾಯಿ, ಅಂದರೆ ಅಣ್ಣನ ಹೆಂಡತಿ, ಹಳೆಯ ಕಾಲದವರು. ಮೂವತ್ತೈದು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗಂಡನ ಹೆಸರು ಬಾಯಿಬಿಟ್ಟು ಹೇಳಿದವರಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಮಗಳತ್ತ ಬೆರಳು ತೋರಿಸುತ್ತಿದ್ದರು. ಆಟ ಶುರುವಾದ ಮೊದಲ ವಾರ ಅವರು ಅಡುಗೆಮನೆಯಿಂದಲೇ ಗೊಣಗುತ್ತಿದ್ದರು. ಪರರ ಮನೆಗೆ ನುಗ್ಗಿ ಗಡಿಗೆ ಒಡೆಯುವುದೇನು, ಬೂಟು ಹಾಕಿಕೊಂಡು ಗುಡಿಯೊಳಗೆ ಹೋಗುವುದೇನು! ಎರಡನೇ ವಾರ ಬಾಗಿಲಲ್ಲಿ ನಿಂತು ಅಕ್ಕಿ ಆರಿಸಿದರು. ಮೂರನೇ ವಾರ ಚಾಪೆ ಹಾಕಿಕೊಂಡು ಟಿವಿ ಮುಂದೆಯೇ ಕೂತರು. ಆದರೆ ವೀರನ ಹೆಸರು ಹೇಳುವಂತಿಲ್ಲವಲ್ಲ. ಹಾಗಾಗಿ ಅವನು ‘ಅವರು’ ಆದ.

“ಅಂಬೂ, ಅವರಿಗೆ ಏಟು ಬಿತ್ತಲ್ಲೇ! ಔಷಧ ಕುಡಸು!”

“ಅಂಬೂ, ಅವರ ಮೈಯಾಗ ಜೀವಾನ ಇಲ್ಲ. ಮದಲು ಛತ್ರದಾಗ ಮಲಗಸು.”

ಹೊರಗೆ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನರಸಿಂಹರಾಯರು ಒಂದೊಂದು ಕೂಗಿಗೂ ಬೆಚ್ಚಿ ಕನ್ನಡಕ ಸರಿ ಮಾಡಿಕೊಳ್ಳುತ್ತಿದ್ದರು. ಸರ್ಕಾರಿ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಶಿಸ್ತಿನ ಮನುಷ್ಯ, ದಿನಕ್ಕೆ ಎರಡು ಹೊತ್ತು ಸಂಧ್ಯಾವಂದನೆ. ತಮ್ಮ ಹೆಸರಿನ ಒಬ್ಬ ಒಳಗೆ ಕಪ್ಪೆಗಳ ಕೈಯಲ್ಲಿ ಒದೆ ತಿನ್ನುತ್ತಿರುವುದು ಅವರಿಗೆ ಒಗ್ಗಲಿಲ್ಲ. “ಹುಚ್ಚರ ಸಂತಿ,” ಎಂದು ಪೇಪರಿನೊಳಗೆ ಮುಖ ಹುದುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಅವರು ಹಿತ್ತಲ ಕೋಣೆಯಲ್ಲಿ ಮಲಗಿದ್ದಾಗ ಅವರ ಆಫೀಸಿನ ಹಳೆಯ ಗೆಳೆಯ ಗುರುರಾಜರಾಯರು ಬಂದು ಬಾಗಿಲಲ್ಲಿ ನಿಂತರು. ಒಳಗಿನಿಂದ ಯಮುನಾಬಾಯಿಯ ದನಿ: “ಅಯ್ಯ, ಅವರು ಹೋಗೇ ಬಿಟ್ರಲ್ಲೇ ಅಂಬೂ!” ಗುರುರಾಜರಾಯರು ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿದರು. ಸದ್ದಿಲ್ಲದೆ ಹಿಂದಿರುಗಿ, ಅರ್ಧ ಗಂಟೆಯಲ್ಲಿ ಇನ್ನೂ ಮೂರು ಜನ ನಿವೃತ್ತರನ್ನು ಕೂಡಿಸಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಬಂದರು. ಬಾಗಿಲು ತೆರೆದವರು ನರಸಿಂಹರಾಯರೇ, ಬನಿಯನ್ ತೊಟ್ಟು, ಆಕಳಿಸುತ್ತ. ಒಳಗಿನಿಂದ ಅದೇ ಹೊತ್ತಿಗೆ ಸರಿಯಾಗಿ, “ಬಂದ್ರು ಬಂದ್ರು, ಅವರಿಗೆ ಜೀವ ಬಂತು!” ಎಂಬ ಹರ್ಷೋದ್ಗಾರ. ಆ ಮೂವರಲ್ಲಿ ಒಬ್ಬರು ಅವತ್ತು ಕೊಟ್ಟ ಚಹಾವನ್ನು ಮುಟ್ಟಲೇ ಇಲ್ಲ.

ಪಕ್ಕದ ಮನೆಯ ಶರಣಬಸಮ್ಮ ಬೀದರ್ ಕಡೆಯವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳು ಬಂದು ಸೇರಿದ ಮೇಲೆ ಆಟಕ್ಕೆ ಕಳೆಕಟ್ಟಿತು. ತಂಡದಲ್ಲಿ ನರಸಿಂಹನ ಜೊತೆ ಗಾಯ ಮಾಯಿಸುವ ಔಷಧದಕ್ಕ, ಕೊಡಲಿ ಹಿಡಿದ ಪೈಲವಾನ, ಮಂತ್ರ ಹಾಕುವ ಟೊಪಗಿ ಮುದುಕ ಇದ್ದರು. ಈ ಮೂವರ ಹೆಸರೆಲ್ಲ ಶರಣಬಸಮ್ಮ ಇಟ್ಟದ್ದು. ಒಂದು ಏಕಾದಶಿಯ ದಿನ, ಇವತ್ತು ಯಾರಿಗೂ ರೊಟ್ಟಿ ತಿನ್ನಿಸಿ ಜೀವ ತುಂಬಿಸಕೂಡದೆಂದು ಯಮುನಾಬಾಯಿ ಹಟ ಹಿಡಿದರು. ನಾಲ್ವರೂ ಉಪವಾಸದಲ್ಲೇ ಹೋರಾಡಿ, ಮೊಸರಿನ ಮುದ್ದೆಯಂಥ ಒಂದು ಯಃಕಶ್ಚಿತ್ ಪ್ರಾಣಿಯ ಕೈಯಲ್ಲಿ ಸತ್ತರು. ಮಾರನೆಯ ದಿನ ಬೆಳಿಗ್ಗೆ ಪಾರಣೆ ಮಾಡಿಸಿ ಮತ್ತೆ ಹೊರಡಿಸಿದ್ದಾಯಿತು.

ಆಮೇಲೆ ಟೊಪಗಿ ಮುದುಕ ತೀರಿಕೊಂಡ. ಇದು ಔಷಧದಿಂದ ಗುಣವಾಗುವ ಸಾವಲ್ಲ, ಕಥೆಯಲ್ಲೇ ಬರೆದ ಸಾವು. ಸೇತುವೆ ಮುರಿಯಿತು, ಉಳಿದ ಮೂವರನ್ನು ದಾಟಿಸಿ ಅವನು ಕೆಳಗೆ ಬಿದ್ದ. ಸಂಗೀತ ಸಣ್ಣದಾಯಿತು. ಹೆಂಗಸರು ಮೂವರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಮುನಾಬಾಯಿ ಎದ್ದು, “ಹಂಗ ಕೂಡ್ಲಿಕ್ಕೆ ಬರೂದಿಲ್ಲವಾ, ಸ್ನಾನ ಮಾಡಬೇಕು,” ಎಂದರು.

“ನಮ್ಮೊಳಗ ಸೂತಕ ಇಲ್ರಿ ಬಾಯಾರ,” ಎಂದಳು ಶರಣಬಸಮ್ಮ. “ನೀವು ಮಿಂದು ಬರ್ರಿ. ಅಲ್ಲೀಮಟಾ ನಾ ಟೀವಿ ಮುಂದ ಕುಂದರತೀನಿ.”

ಹೀಗೆ ಒಂಬತ್ತು ತಿಂಗಳು. ಇಷ್ಟು ದಿನದ ದುಡಿಮೆಯೆಲ್ಲ ಎಲ್ಲಿ ಉಳಿಯುತ್ತಿತ್ತು ಎನ್ನುವಿರಾ? ಆ ಕ್ಯಾಸೆಟ್ಟಿನೊಳಗೆ ಒಂದು ಚಿಕ್ಕ ನೆನಪಿನ ಪೆಟ್ಟಿಗೆ, ಅದಕ್ಕೆ ಒಂದು ಗುಂಡಿ ಸೆಲ್. ಆಟ ಆರಿಸಿದಾಗ ಆ ಸೆಲ್ಲೇ ನರಸಿಂಹನ ಜೀವ ಹಿಡಿದಿಡಬೇಕು. ನೆನಪಿನಲ್ಲಿ ಮೂರು ಖಾನೆ: ಮೊದಲನೆಯದು ಅಂಬುಬಾಯಿಯದು, ಎರಡನೆಯದು ವನಜಾಳದು, ಮೂರನೆಯದು ಖಾಲಿ. ತಿಂಗಳ ಹಿಂದೆ ಆಟ ಒಮ್ಮೆ ತಡವರಿಸಿದಾಗ ಅಂಬುಬಾಯಿ ಕ್ಯಾಸೆಟ್ ಬಿಚ್ಚಿ ಮೀಟರ್ ಹಿಡಿದು ನೋಡಿದ್ದಳು. ಸೆಲ್ ಸೊರಗಿತ್ತು. ಅಬಿಡ್ಸ್‌ನಿಂದ ಹೊಸದನ್ನು ತಂದು, ಅದಕ್ಕೆ ಎರಡು ತಂತಿ ಕೂಡಿಸಿ ಸಿದ್ಧ ಮಾಡಿಟ್ಟಳು. ಆದರೆ ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸುವ ನಡುವೆ ನೆನಪು ಅಳಿಸಿಹೋಗದಂತೆ ಆಟವನ್ನು ಚಾಲೂ ಇಟ್ಟುಕೊಂಡೇ ಬೆಸುಗೆ ಹಾಕಬೇಕು. ಸಾವಿರಾರು ಹಲಗೆ ಮಾಡಿದವಳಿಗೆ ಈ ಒಂದರ ಮುಂದೆ ಕೈ ಬರಲಿಲ್ಲ. ದಸರಾ ಆಗಲಿ ಎಂದು ಮುಂದಕ್ಕೆ ಹಾಕಿದಳು. ಬಿಚ್ಚಿದ ಕವಚವನ್ನೂ ಮತ್ತೆ ಹಾಕಲಿಲ್ಲ. ಧೂಳು ಕೂರಬಾರದೆಂದು ಯಮುನಾಬಾಯಿ ಇಳಕಲ್ ಖಣದ ತುಂಡಿನಲ್ಲಿ ಆ ಹಸಿರು ಹಲಗೆಗೆ ಒಂದು ಅಂಗಿ ಹೊಲಿದು ತೊಡಿಸಿದರು.

ಅಷ್ಟರಲ್ಲಿ ತಂಡ ಕಡೆಯ ಬಾಗಿಲಿಗೆ ಬಂದು ನಿಂತಿತ್ತು. ಕಪ್ಪು ಕೋಟೆ, ಕೆಂಪು ಕದ. ಅದರಾಚೆ ದೊಡ್ಡ ರಾಕ್ಷಸ. ಬಾಗಿಲ ಮುಂದೆ ಆಟವನ್ನು ಉಳಿಸಿ ಅಂಬುಬಾಯಿ ನೋಟುಪುಸ್ತಕ ಮುಚ್ಚಿದಳು. ವಿಜಯದಶಮಿಯ ದಿನ ಸಂಜೆ ನಾಲ್ಕಕ್ಕೆ ಕದ ತೆರೆಯುವುದೆಂದು ತೀರ್ಮಾನವಾಯಿತು. ಶರಣಬಸಮ್ಮ ಓಣಿಯ ಹೆಂಗಸರಿಗೆಲ್ಲ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಆಮಂತ್ರಣ ಕೊಟ್ಟು ಬಂದಳು.

ಅದರ ಹಿಂದಿನ ದಿನ ಮಹಾನವಮಿ, ಮನೆಯಲ್ಲಿ ಖಂಡೇಪೂಜೆ, ಅಂದರೆ ಆಯುಧಗಳ ಪೂಜೆ. ದೇವರ ಮುಂದೆ ಮಣೆ ಹಾಕಿ ಈಳಿಗೆ, ಕತ್ತರಿ, ನರಸಿಂಹರಾಯರ ಪೆನ್ನು, ಅಂಬುಬಾಯಿಯ ಐರನ್, ಮೀಟರ್, ಸ್ಕ್ರೂಡ್ರೈವರ್, ಪುಸ್ತಕಗಳ ಜೊತೆಗೆ ಆ ನೋಟುಪುಸ್ತಕವನ್ನೂ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ದಾಯಿತು. ಮಾರನೆಯ ದಿನ ಪೂಜೆ ಮಾಡಿ ಎತ್ತುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ನರಸಿಂಹರಾಯರು ಮಂಗಳಾರತಿ ಎತ್ತಬೇಕು, ಆಗ ಯಮುನಾಬಾಯಿ ಕೈ ಅಡ್ಡ ಹಿಡಿದರು.

“ತಡೀರಿ. ಅವರ ಖಡ್ಗ ಉಳೀತಲ್ಲ.”

“ಯಾರ ಖಡ್ಗ?”

“ಅವರದು.” ಟಿವಿಯತ್ತ ಕಣ್ಣಲ್ಲೇ ತೋರಿಸಿದರು. “ನಾಳೆ ರಾಕ್ಷಸನ ಮ್ಯಾಲೆ ಹೋಗವರು. ಖಡ್ಗಕ್ಕ ಪೂಜಿ ಆಗದಿದ್ರ ಹ್ಯಾಂಗ?”

ರಾಯರು ಕಣ್ಣು ಮುಚ್ಚಿ ಮೂರು ಸಲ ಉಸಿರು ಬಿಟ್ಟರು. ಆದರೂ ಬೇಡವೆನ್ನಲಿಲ್ಲ. ಅಂಬುಬಾಯಿ ಹಿಗ್ಗಿನಿಂದ ಆಟ ಹಚ್ಚಿದಳು. ನರಸಿಂಹನ ಖಡ್ಗ ಪರದೆಯ ಮೇಲೆ ಝಗಝಗ ಹೊಳೆಯಿತು, ಯಮುನಾಬಾಯಿ ಗಾಜಿನ ಮೇಲೆ ಅದಕ್ಕೆ ಸರಿಯಾಗಿ ಕುಂಕುಮ ಇಟ್ಟರು, ರಾಯರು ಆರತಿ ಎತ್ತಿದರು. ಎಲ್ಲ ಸಾಂಗವಾಯಿತು ಎನ್ನುವಾಗ ವನಜಾ, “ಅತ್ಯಾ, ನೀವು ಹಚ್ಚಿದಾಗ ನನ್ನ ಖಾನೆ ಕಾಣಲೇ ಇಲ್ಲ. ಖಾಲಿ ತೋರಿಸಿತು,” ಎಂದಳು.

ಅಂಬುಬಾಯಿಯ ಕೈಯಿಂದ ಹೂವಿನ ಬುಟ್ಟಿ ಜಾರಿತು. ಎರಡನೇ ಖಾನೆ ರಾತ್ರಿಯಲ್ಲೇ ಅಳಿಸಿಹೋಗಿತ್ತು. ಸೆಲ್ ಪ್ರಾಣ ಬಿಡುತ್ತಿದೆ. ಇನ್ನೊಮ್ಮೆ ಆರಿಸಿದರೆ ಮೊದಲನೆಯದೂ ಉಳಿಯುವುದಿಲ್ಲ, ಒಂಬತ್ತು ತಿಂಗಳ ನರಸಿಂಹ ಇರುವುದಿಲ್ಲ.

“ಹಂಗಾರ ಆರಸಬ್ಯಾಡ. ನಾಳೀತನಕಾ ಹಂಗ ಓಡಲಿ,” ಎಂದರು ಯಮುನಾಬಾಯಿ.

“ಹನ್ನೆರಡಕ್ಕ ಕರೆಂಟ್ ಹೋಗತದರಿ ವೈನಿ!”

ಎಲ್ಲರೂ ಗೋಡೆಯ ಗಡಿಯಾರ ನೋಡಿದರು. ಹನ್ನೊಂದೂ ಕಾಲು. ಹನ್ನೆರಡರಿಂದ ಎರಡರವರೆಗೆ ದಿನವೂ ಓಣಿಯಲ್ಲಿ ಕರೆಂಟು ಇರುತ್ತಿರಲಿಲ್ಲ. ಅದಕ್ಕೆ ನವಮಿ ದಶಮಿ ಒಂದೂ ಇಲ್ಲ. ಆ ಮುಕ್ಕಾಲು ಗಂಟೆಯೊಳಗೆ ಸೆಲ್ ಬದಲಾಗಬೇಕು. ಐರನ್ನೋ, ಹಣೆಗೆ ಕುಂಕುಮ ಹಚ್ಚಿಕೊಂಡು ದೇವರ ಮುಂದೆ ಹಾಯಾಗಿ ಮಲಗಿತ್ತು.

ಅಂಬುಬಾಯಿ ಅದರತ್ತ ಎರಡು ಹೆಜ್ಜೆ ಇಟ್ಟಳು. “ಅಂಬೂ,” ಎಂದರು ನರಸಿಂಹರಾಯರು. “ಪೂಜಿಗೆ ಇಟ್ಟದ್ದು ಕದಲಸಬಾರದು. ನಮ್ಮ ಅಪ್ಪ ಎಂದೂ ಕದಲಸಲಿಲ್ಲ.”

“ಅಣ್ಣಾ, ಒಂದ ಹತ್ತು ನಿಮಿಷ.”

“ಆಗೂದಿಲ್ಲ. ಆಟದ ಸಾಮಾನಿನ ಸಲುವಾಗಿ ಖಂಡೇಪೂಜಿ ಕೆಡಸ್ತೀ?”

ಅಂಬುಬಾಯಿ ಅಣ್ಣನಿಗೆ ಎದುರು ಮಾತಾಡಿದವಳಲ್ಲ. ಅವತ್ತು ಮಾತ್ರ ಆಡಿಬಿಟ್ಟಳು. “ಅಣ್ಣಾ, ಇಪ್ಪತ್ತೆಂಟು ವರ್ಷ ಆ ಐರನ್ ಹಿಡದು ದುಡದೀನಿ. ನಾ ಮಾಡಿದ್ದು ಕಡೀಕೆ ಏನಾತು ಅಂತ ಒಂದ ದಿನಾನೂ ನೋಡಿಲ್ಲ. ಟ್ರೇ ಹೋಗೂದು, ನಾ ಕೂಡೂದು. ಇದೊಂದರ ಕಡೀ ನೋಡಬೇಕು ಅಂತ ನನಗ ಭಾಳ ಆಸೆ ಅದ. ಬಾಗಲಾ ಕಾಣಸಲಿಕತ್ತದ, ಅಣ್ಣಾ. ಬಾಗಲತನಕಾ ಬಂದು ಮತ್ತ ಟ್ರೇ ಹೋತು ಅಂದ್ರ ನಾ ಹ್ಯಾಂಗ ತಡಕೊಳ್ಳಲಿ?”

ಟಿವಿಯಲ್ಲಿ ಖಡ್ಗ ತನ್ನ ಪಾಡಿಗೆ ಹೊಳೆಯುತ್ತಿತ್ತು. ನರಸಿಂಹರಾಯರು ಎದ್ದು ದೇವರ ಮನೆಯೊಳಕ್ಕೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿದ್ದದ್ದು ಉದ್ಧರಣೆ. ನಲವತ್ತು ವರ್ಷ ಅವರು ಸಂಧ್ಯಾವಂದನೆಗೆ ನೀರು ತೆಗೆದುಕೊಳ್ಳುವ ತಾಮ್ರದ ಸಣ್ಣ ಚಮಚ. ಉದ್ದನೆಯ ಹಿಡಿ, ಚೂಪು ತುದಿ.

“ತಾಮ್ರ ಕಾಸಿದ್ರ ಸೀಸ ಕರಗತದೋ ಇಲ್ಲೋ?” ಎಂದು ಕೇಳಿದರು.

ಅಂಬುಬಾಯಿ ಬಾಯಿ ತೆರೆದು ನಿಂತಳು. “ಕರಗತದ ಅಣ್ಣಾ. ಹಿಂದಕ ಎಲ್ಲಾರೂ ಹಂಗ ಮಾಡತಿದ್ರು. ಆದ್ರ ಇದು… ನಿಮ್ಮ ಉದ್ಧರಣಿ…”

“ಇದು ಆಯುಧ ಅಲ್ಲ. ದಿನಾ ಪೂಜಿ ಮಾಡೂದು, ಪೂಜಿ ಮಾಡಿಸಿಕೊಳ್ಳೂದಲ್ಲ. ಸೀಸದ ತಂತಿನೂ ಆಯುಧ ಅಲ್ಲ, ಪದಾರ್ಥ. ಒಲಿ ಇಕ್ಕಳ ಅಡಗೀದು, ಅಡಗೀಗೆ ರಜಾ ಇಲ್ಲ.” ಆಫೀಸಿನಲ್ಲಿ ಕಡತಕ್ಕೆ ಸಹಿ ಹಾಕುವ ಗತ್ತಿನಲ್ಲೇ ತೀರ್ಪು ಕೊಟ್ಟು, ಆಮೇಲೆ ದನಿ ತಗ್ಗಿಸಿದರು. “ಒಂಬತ್ತು ತಿಂಗಳು ಎಷ್ಟು ಸಲ ಸತ್ತೀನಿ, ಎಷ್ಟು ಸಲ ಎದ್ದೀನಿ. ಎಲ್ಲಾ ಪಡಸಾಲ್ಯಾಗ ಕೂತು ಕೇಳೀನಿ. ಕಡೀ ಬಾಗಲದಾಗ ಬಂದು ಅಳಿಸಿ ಹೋಗಲ್ಯಾ? ನಡೀ, ಹೊತ್ತಾಗತದ.”

ಪೇಪರಿನ ಹಿಂದೆ ಇಷ್ಟು ದಿನ ಅವರು ಓದುತ್ತಿದ್ದದ್ದು ಏನೆಂದು ಆಗ ಎಲ್ಲರಿಗೂ ತಿಳಿಯಿತು.

ಮನೆ ಕಾರ್ಖಾನೆಯಾಯಿತು. ಗ್ಯಾಸ್ ಒಲೆಯ ಮುಂದೆ ಯಮುನಾಬಾಯಿ, ಉದ್ಧರಣೆಯ ಹಿಡಿಯನ್ನು ನೀಲಿ ಉರಿಯಲ್ಲಿ ಕಾಸುತ್ತ. ಹಾದಿಯ ನಡುವೆ ಶರಣಬಸಮ್ಮ, ಇಕ್ಕಳದಲ್ಲಿ ಅದನ್ನು ಹಿಡಿದು ಓಡುತ್ತ. “ಸರೀರಿ, ಸರೀರಿ, ಬೆಂಕಿ ಬರಾಕತ್ತೈತಿ!” ಎಂಬ ಅವಳ ಕೂಗಿಗೆ ಆಚೆ ಮನೆಯವರು ನೀರಿನ ಬಕೆಟ್ ಹಿಡಿದುಕೊಂಡು ಬಂದು, ಸುದ್ದಿ ತಿಳಿದು, ಬಕೆಟ್ ಕೆಳಗಿಟ್ಟು ಅಲ್ಲೇ ನಿಂತರು. ಟಿವಿಯ ಮುಂದೆ ಅಂಬುಬಾಯಿ, ಖಣದ ಅಂಗಿ ಕಳಚಿ, ಬರಿಮೈಯ ಹಸಿರು ಹಲಗೆಯ ಮೇಲೆ ಬಾಗಿ. ರಾಯರು ಗಡಿಯಾರದ ಕೆಳಗೆ ನಿಂತು ನಿಮಿಷ ಕೂಗುತ್ತಿದ್ದರು. ವನಜಾ ಭೂತಗನ್ನಡಿ ಹಿಡಿದಿದ್ದಳು.

ಕಾಸಿದ ತಾಮ್ರದ ಬಿಸಿ ಉಳಿಯುವುದು ಐದಾರು ಎಣಿಕೆ. ಮೊದಲನೆಯ ಸಲ ಸೀಸ ಮೆತ್ತಗಾಯಿತು, ಬಿಡಲಿಲ್ಲ. ಎರಡನೆಯ ಸಲವೂ ಅಷ್ಟೆ. ಮೂರನೆಯ ಸಲಕ್ಕೆ ಹಳೆಯ ಸೆಲ್ ಕಳಚಿ ಬಂತು. ಅದರ ಅಡಿಯಲ್ಲಿ, ಹಲಗೆಯ ಮೂಲೆಯಲ್ಲಿ, ಕೆಂಪು ಮಸಿಯಲ್ಲಿ ಪೆನ್ನಿನಿಂದ ಹಾಕಿದ ಒಂದು ಪುಟ್ಟ ಟಿಕ್ ಇತ್ತು. ಅಂಬುಬಾಯಿಯ ಕಾರ್ಖಾನೆಯಲ್ಲಿ ಕೆಲಸ ಮುಗಿದ ಮೇಲೆ ಹಾಕುತ್ತಿದ್ದ ಗುರುತೇ ಅದು. ಜಪಾನಿನಲ್ಲೂ ಯಾವಳೋ ಒಬ್ಬಳು ಸ್ಟೂಲಿನ ಮೇಲೆ ಕೂತು ಇದನ್ನು ಕೂಡಿಸಿದ್ದಳು, ಟ್ರೇಗೆ ಇಟ್ಟಿದ್ದಳು. ಅವಳೂ ಇದರ ಕೊನೆ ನೋಡಿರಲಿಕ್ಕಿಲ್ಲ.

“ಹನ್ನೊಂದೂ ಐವತ್ತೆರಡು!” ಎಂದು ರಾಯರು ಕೂಗಿದರು.

ಈಗ ಸೆಲ್ಲೇ ಇಲ್ಲ. ಕರೆಂಟು ಒಂದು ಚಣ ಮಿಟುಕಿದರೆ ಎಲ್ಲ ಮುಗಿಯಿತು. ಅಂಬುಬಾಯಿ ಹೊಸ ಸೆಲ್ಲಿನ ಕೆಂಪು ತಂತಿಯನ್ನು ಹಿಡಿದಳು. ಬಿಸಿ ಬಂತು, ಹಿಡಿಯಿತು. ಕಪ್ಪು ತಂತಿ. ಬಿಸಿ ಬಂತು, ಆರಿತು. “ಇನ್ನೊಮ್ಮೆ!” ಶರಣಬಸಮ್ಮ ಓಡಿದಳು, ಯಮುನಾಬಾಯಿ ಕಾಸಿದರು, ಶರಣಬಸಮ್ಮ ಬಂದಳು. ಸೀಸ ಕರಗಿ, ಹೊಳೆದು, ಗುಂಡಗೆ ಕೂತಿತು. ಅಂಬುಬಾಯಿ ಕೈ ತೆಗೆದಳು. ಫಟ್ಟೆಂದು ಫ್ಯಾನು, ಟಿವಿ, ಖಡ್ಗ ಎಲ್ಲ ಆರಿದವು. ಗ್ರಹಚಾರಕ್ಕೆ ಅವತ್ತು ಕರೆಂಟು ಐದು ನಿಮಿಷ ಮೊದಲೇ ಹೋಗಿತ್ತು.

“ಉಳೀತೇನು?” ಎಂದರು ರಾಯರು ಕತ್ತಲಾದ ಟಿವಿ ನೋಡುತ್ತ.

“ಕರೆಂಟ್ ಬರೂತನಕಾ ಗೊತ್ತಾಗೂದಿಲ್ಲ ಅಣ್ಣಾ.”

ಆ ಎರಡು ಗಂಟೆ ಹೇಗೆ ಕಳೆಯಿತೋ. ಹೋಳಿಗೆ ಬಡಿಸಿದರು, ಯಾರ ಬಾಯಿಗೂ ರುಚಿ ಹತ್ತಲಿಲ್ಲ. ರಾಯರಂತೂ ಊಟಕ್ಕೆ ಮೊದಲು ಎಲೆಯ ಪಕ್ಕ ಚಿತ್ರಾಹುತಿಯ ಅನ್ನ ಇಡುವುದನ್ನೇ ಮರೆತು ಮತ್ತೆ ಕೈ ತೊಳೆದು ಬಂದು ಕೂತರು. ಅಂಬುಬಾಯಿ ಮಾತ್ರ ಒಂದು ಕೆಲಸ ಮಾಡಿದಳು. ದೇವರ ಕುಂಕುಮದಲ್ಲಿ ಕಡ್ಡಿ ಅದ್ದಿ, ಆ ಕೆಂಪು ಟಿಕ್ಕಿನ ಪಕ್ಕದಲ್ಲಿ ಇನ್ನೊಂದು ಟಿಕ್ ಹಾಕಿ, ಹಲಗೆಗೆ ಖಣದ ಅಂಗಿ ತೊಡಿಸಿದಳು.

ಎರಡು ಗಂಟೆಗೆ ಫ್ಯಾನು ತಿರುಗಿತು. ಬಕೆಟ್ ತಂದವರೂ ಸೇರಿ ಹನ್ನೊಂದು ಜನ ಟಿವಿಯ ಮುಂದೆ ಕೂತಿದ್ದರು. ಅಂಬುಬಾಯಿ ಗುಂಡಿ ಒತ್ತಿದಳು. ಸಂಗೀತ ಬಂತು. ಖಾನೆಗಳು ಬಂದವು. ಮೊದಲನೆಯದರಲ್ಲಿ ಆ ನಾಲ್ಕು ಅಕ್ಷರ.

“ನಾ ಅದೀನೇನು?” ಎಂದರು ರಾಯರು ಕನ್ನಡಕ ಹುಡುಕುತ್ತ.

“ಅದೀರಿ ಅಣ್ಣಾ, ಅದೀರಿ!”

“ನರಸಿಂಹಾ!” ಎಂದು ಯಾರೋ ಚಪ್ಪಾಳೆ ತಟ್ಟಿ ಕಿರುಚಿದರು. ಎಲ್ಲರೂ ತಿರುಗಿ ನೋಡಿದರೆ ಯಮುನಾಬಾಯಿ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಮದುವಣಗಿತ್ತಿಯ ಹಾಗೆ ಕೆಂಪಾಗಿ ಕೂತಿದ್ದರು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ತಮ್ಮ ಹೆಸರನ್ನು ಹೆಂಡತಿಯ ಬಾಯಲ್ಲಿ ಕೇಳಿದ ರಾಯರು ತಬ್ಬಿಬ್ಬಾಗಿ, “ಓ,” ಎಂದು ಓಗೊಟ್ಟರು. ನಗು ಹೆಂಚು ಹಾರಿಸುವಂತಿತ್ತು.

ಮಾರನೆಯ ದಿನ ಪೂಜೆ ಎತ್ತಿ, ಬನ್ನಿ ಕೊಟ್ಟು, ಬಂಗಾರದಂಗಿರೋಣ ಎಂದು ಕಾಲಿಗೆರಗಿ, ನಾಲ್ಕಕ್ಕೆ ಸರಿಯಾಗಿ ಕೆಂಪು ಕದ ತೆರೆದರು. ಅದಕ್ಕೆ ಮೊದಲು ಐರನ್ ಎತ್ತಿ ಪ್ಲಗ್ಗಿಗೆ ಹಚ್ಚಿ ನೋಡಿದಾಗ ಅಂಬುಬಾಯಿಯ ಬೆರಳಿಗೆ ಎಂದಿನಂತೆ ಜುಂ ಎಂದು ಸಣ್ಣ ಷಾಕು ಹೊಡೆಯಿತು. ಹಳೆಯ ಐರನ್, ಕರೆಂಟು ಸೋರುತ್ತಿತ್ತು. ನಿನ್ನೆ ಅದನ್ನೇ ಮುಟ್ಟಿಸಿದ್ದರೆ ನೆನಪೆಲ್ಲ ಒಂದೇ ಏಟಿಗೆ ಸುಟ್ಟುಹೋಗುತ್ತಿತ್ತೆಂದು ಅವಳಿಗೆ ಆಗ ಹೊಳೆಯಿತು. ಅದನ್ನು ಅಣ್ಣನಿಗೆ ಹೇಳಿದ್ದೇ ತಪ್ಪಾಯಿತು. ಖಂಡೇಪೂಜೆಯ ಶಾಸ್ತ್ರ ಯಾಕೆ ಮಾಡಿದ್ದಾರೆ ಗೊತ್ತೇನು ಎಂದು ಅವರು ಆರು ತಿಂಗಳು ಸಿಕ್ಕಸಿಕ್ಕವರಿಗೆ ಕೊರೆದರು.

ರಾಕ್ಷಸ ಮೂರು ಸಲ ರೂಪ ಬದಲಿಸಿದ. ಪೈಲವಾನ ಬಿದ್ದ, ಔಷಧದಕ್ಕ ಎಬ್ಬಿಸಿದಳು. ರಾಯರು ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ ಕೂತು, “ಕೊಡಿ, ಕೊಡಿ, ನನಗ ಔಷಧ ಕೊಡಿ!” ಎಂದು ಕೂಗುತ್ತಿದ್ದರು. ಕಡೆಯ ಏಟು ನರಸಿಂಹನದೇ ಆಯಿತು. ಕಪ್ಪು ಕೋಟೆ ಕುಸಿಯಿತು, ಬೆಳಕಾಯಿತು, ಊರಿನ ಜನ ಹೊರಗೆ ಬಂದರು. ಸೇತುವೆಯ ಕೆಳಗೆ ಬಿದ್ದಿದ್ದ ಟೊಪಗಿ ಮುದುಕನೂ ಕುಂಟುತ್ತ ಬಂದ. ಶರಣಬಸಮ್ಮ, “ನೋಡ್ರಿ ಬಾಯಾರ, ನೀವು ಸುಮ್ಮನ ಮಿಂದ್ರಿ!” ಎಂದು ಕೂಗಿದಳು.

ಆಮೇಲೆ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ ಹರಿಯತೊಡಗಿದವು. ಇವೇನು ಎಂದು ಯಮುನಾಬಾಯಿ ಕೇಳಿದರು.

“ಇದನ್ನ ಮಾಡಿದವರ ಹೆಸರು, ಅವ್ವಾ,” ಎಂದಳು ವನಜಾ.

“ಬೆಸಗಿ ಹಾಕಿದವರದೂ ಇರತದೇನು?”

ವನಜಾ ತಾಯಿಯ ಕಡೆ ತಿರುಗಿದಳು. “ಇಲ್ಲವಾ. ಅವರದು ಹಾಕೂದಿಲ್ಲ.”

“ಮತ್ತ ನಮ್ಮ ಅಂಬೂನ ಹೆಸರು?”

“ಒಳಗದರಿ ವೈನಿ,” ಎಂದಳು ಅಂಬುಬಾಯಿ, ಖಣದ ಅಂಗಿಯನ್ನು ಬೆರಳಿನಿಂದ ಸವರುತ್ತ. “ನಂದೂ ಅದ, ಅಕೀದೂ ಅದ.”

ಅಕೀ ಯಾರೆಂದು ಯಾರಿಗೂ ತಿಳಿಯಲಿಲ್ಲ. ಹೆಸರುಗಳೆಲ್ಲ ಹರಿದುಹೋಗಿ, ಕಪ್ಪು ಪರದೆಯ ನಡುವೆ ಒಂದೇ ಒಂದು ಅಕ್ಷರ ಬಂದು ನಿಂತಿತು. ಮೇಲೊಂದು ಸೂರು, ಕೆಳಗೆ ಎರಡು ಕಾಲು, ಒಂದು ಕಾಲಿನ ತುದಿ ಮೇಲಕ್ಕೆ ಬಾಗಿತ್ತು. ಅದು ಅಲುಗಲಿಲ್ಲ. ಯಾವ ಗುಂಡಿ ಒತ್ತಿದರೂ ಹೋಗಲಿಲ್ಲ. ಅಂಬುಬಾಯಿ ಕುಂಕುಮ ಹತ್ತಿದ ನೋಟುಪುಸ್ತಕ ತೆರೆದು, ಕಡೆಯ ಪುಟದಲ್ಲಿ ಅದನ್ನು ನಿಧಾನವಾಗಿ ಬರೆದಳು. ಕಣ್ಣು ತುಂಬಿ ಗೆರೆ ಎರಡೆರಡಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಅರ್ಥ ಬರೆದಳು: ‘ಮುಗಿಯಿತು. ನಾನು ನೋಡಿದೆ.’